ಮರುಭೂಮಿ ಸರೋವರದ ದಡದಲ್ಲಿ ಟೆಂಟು: ಪಶ್ಚಿಮ ಅಮೆರಿಕದ ಐದು ಜಾಗಗಳಲ್ಲಿ ನಿಮಗೆ ಯಾವುದು?

ಪಿರಮಿಡ್ ಲೇಕಾ, ಲೇಕ್ ಪಾವೆಲ್ಲಾ, ಲೇಕ್ ಮೀಡಾ? ಲಾಂಗ್ ವೀಕೆಂಡ್ ಹತ್ತಿರ ಬಂದ ಹಾಗೆ ಬೇ ಏರಿಯಾ, ಫೀನಿಕ್ಸ್, ಲಾಸ್ ಏಂಜಲೀಸ್ ಕಡೆಯ ಓದುಗರು ಇದನ್ನೇ ಕೇಳುತ್ತಾರೆ. ಜತೆಗೆ ಒಂದು ಫೋಟೋ ಇರುತ್ತದೆ. ನೀಲಿ ನೀರು, ಹಿಂದೆ ಬೋಳು ಬೆಟ್ಟ, ನೀರಿಗೆ ಹತ್ತಡಿ ದೂರದಲ್ಲಿ ಟೆಂಟು, ಟೆಂಟಿನ ಪಕ್ಕದಲ್ಲೇ ಕಾರು. "ನಮಗೆ ಇಂಥದ್ದು ಬೇಕು, ಎಲ್ಲಿಗೆ ಹೋಗೋಣ?"

ಇಂಥದ್ದು ಸಿಗುತ್ತದೆ. ಆದರೆ ಫೋಟೋ ನೋಡಿ ಜಾಗ ಆರಿಸಬೇಡಿ. ಈ ಸರೋವರಗಳ ದಡ ಒಂದೇ ಕಡೆ ನಿಲ್ಲುವುದಿಲ್ಲ. ಲೇಕ್ ಮೀಡ್ 2022ರ ಬೇಸಿಗೆಯಲ್ಲಿ ತುಂಬಿದ ಮಟ್ಟಕ್ಕಿಂತ ಸುಮಾರು 180 ಅಡಿ ಕೆಳಗೆ ಇಳಿದಿತ್ತು. ಮರುವರ್ಷದ ವಸಂತದಲ್ಲಿ ಲೇಕ್ ಪಾವೆಲ್‌ದೂ ಹೆಚ್ಚುಕಮ್ಮಿ ಅದೇ ಕಥೆ. ಇಳಿಜಾರು ಕಮ್ಮಿ ಇರುವ ಕಡೆ ಮಟ್ಟ ಹತ್ತಡಿ ಇಳಿದರೂ ನೀರು ನೂರಾರು ಅಡಿ ಆಚೆ ಸರಿಯುತ್ತದೆ. ಮಧ್ಯೆ ಉಳಿಯುವುದು ಹೊಸದಾಗಿ ಹೊರಬಿದ್ದ ಹೂಳು. ನಿಮ್ಮ ಕಾರು ದಾಟಬೇಕಾದದ್ದು ಅದನ್ನೇ. ಹಾಗಾಗಿ ಯಾವ ಸರೋವರ ಚೆಂದ ಅನ್ನುವ ಪ್ರಶ್ನೆ ಆಮೇಲಿನದು. ಯಾವುದರ ದಡಕ್ಕೆ ನಿಮ್ಮ ಗಾಡಿ ಹೋಗಿ ವಾಪಸ್ ಬರುತ್ತದೆ ಅನ್ನುವುದು ಮೊದಲು.

ಪ್ರಿಮಿಟಿವ್ ಕ್ಯಾಂಪಿಂಗ್ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಸೈಟ್ ನಂಬರ್ ಇಲ್ಲ, ಟೇಬಲ್ ಇಲ್ಲ, ನಲ್ಲಿ ಇಲ್ಲ, ಕರೆಂಟ್ ಇಲ್ಲ, ನೆರಳೂ ಇಲ್ಲ. ಅದೃಷ್ಟ ಇದ್ದರೆ ಒಂದು ಗುಂಡಿ ಶೌಚಾಲಯ. ಬುಕಿಂಗ್ ಬಹುಪಾಲು ಇರುವುದಿಲ್ಲ, ಮೊದಲು ಬಂದವರಿಗೆ ಮೊದಲ ಜಾಗ.

ಯಾವುದನ್ನು ನೋಡಿ ಅಳೆಯಬೇಕು

ನೆಲ ಮತ್ತು ಚಕ್ರ. ನನ್ನ ಲೆಕ್ಕದಲ್ಲಿ ಅರ್ಧ ತೀರ್ಮಾನ ಇಲ್ಲೇ ಆಗಿಬಿಡುತ್ತದೆ. ದಡದ ನೆಲ ಮೂರು ಥರ: ಜಲ್ಲಿ, ಮರಳು, ಹೂಳು. ಜಲ್ಲಿಯ ಮೇಲೆ ಸಾಮಾನ್ಯ ಸೆಡಾನ್ ಕೂಡ ನಿಲ್ಲುತ್ತದೆ. ಮರಳಿಗೆ ನಾಲ್ಕೂ ಚಕ್ರಕ್ಕೆ ಎಳೆತ ಇರುವ ಗಾಡಿ ಬೇಕು. ಟೈರಿನ ಗಾಳಿಯನ್ನು 20 ಪಿಎಸ್‌ಐ ಆಸುಪಾಸಿಗೆ ಇಳಿಸಬೇಕು, ಅಂದರೆ ವಾಪಸ್ ತುಂಬಲು ಪುಟ್ಟ ಕಂಪ್ರೆಸರ್ ಕೂಡ ಇರಬೇಕು. ಹೂಳಿಗೆ ಯಾವ ಗಾಡಿಯೂ ಸಾಲದು. ಮೇಲ್ಪದರ ಹಪ್ಪಳದ ಹಾಗೆ ಒಣಗಿ ಬಿರಿದಿರುತ್ತದೆ, ಗಟ್ಟಿ ಅನ್ನಿಸುತ್ತದೆ. ಇಳಿದು ಹಿಮ್ಮಡಿಯಿಂದ ಜೋರಾಗಿ ಒಮ್ಮೆ ತುಳಿಯಿರಿ. ಪದರ ಒಡೆದು ಬೂಟಿಗೆ ಒದ್ದೆ ಬೂದು ಮಣ್ಣು ಅಂಟಿಕೊಂಡರೆ ಅಲ್ಲಿಂದ ಮುಂದೆ ಗಾಡಿ ತರಬೇಡಿ. ಬೇರೆಯವರ ಚಕ್ರದ ಗುರುತು ಇದೆಯಲ್ಲ ಅಂತ ನಂಬಬೇಡಿ. ಅವರು ಹೋದದ್ದು ಕಾಣುತ್ತದೆ, ಹೇಗೆ ಹೊರಬಂದರು ಅನ್ನುವುದು ಕಾಣುವುದಿಲ್ಲ.

ಇದಕ್ಕೆ ದುಡ್ಡಿನ ಮುಖವೂ ಇದೆ. ಬಾಡಿಗೆ ಕಾರಿನ ಕರಾರಿನಲ್ಲಿ ಸಾಮಾನ್ಯವಾಗಿ ಡಾಂಬರು ಬಿಟ್ಟು ಇಳಿಯಬಾರದು ಅಂತ ಇರುತ್ತದೆ. ರೋಡ್‌ಸೈಡ್ ಅಸಿಸ್ಟೆನ್ಸ್ ಯೋಜನೆಗಳೂ ಮರಳಿನಲ್ಲಿ ಹೂತ ಗಾಡಿಯನ್ನು ಎಳೆಯಲು ಬಹುಮಟ್ಟಿಗೆ ಬರುವುದಿಲ್ಲ. ಕ್ಯಾಂಪಿಂಗ್ ಪುಕ್ಕಟೆ ಅಂತ ಹೋದವರ ದುಡ್ಡೆಲ್ಲ ಎಳೆಯುವ ಟ್ರಕ್ಕಿಗೆ ಹೋಗಬಹುದು.

ತಿಂಗಳು ಮತ್ತು ಗಾಳಿ. ಈ ಐದೂ ಕಡೆ ಮರ ಇಲ್ಲ, ತಡೆಯೂ ಇಲ್ಲ. ವಸಂತ ಕಾಲದ ಮಧ್ಯಾಹ್ನ ಏಳುವ ಗಾಳಿ ಟೆಂಟಿನ ಕಂಬ ಮುರಿಯುವಷ್ಟು ಜೋರು. ಮಾಮೂಲಿ ಗೂಟ ಮರಳಿನಲ್ಲಿ ನಿಲ್ಲುವುದೇ ಇಲ್ಲ. ಬಟ್ಟೆ ಚೀಲಕ್ಕೆ ಮರಳು ತುಂಬಿ, ಹಗ್ಗ ಕಟ್ಟಿ, ಮೊಳಕಾಲುದ್ದ ಹೂತರೆ ನಿಲ್ಲುತ್ತದೆ. ದಕ್ಷಿಣದ ಸರೋವರಗಳಲ್ಲಿ ಜೂನ್‌ನಿಂದ ಆಗಸ್ಟ್ ತನಕ ಬಿಸಿಲು 43 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಉತ್ತರದವುಗಳಲ್ಲಿ ಚಳಿಗಾಲದ ರಾತ್ರಿ ನೀರಿನ ಬಾಟಲಿ ಹೆಪ್ಪುಗಟ್ಟುತ್ತದೆ.

ಕುಡಿಯುವ ನೀರು ಮತ್ತು ಶೌಚ. ತಲೆಗೆ ದಿನಕ್ಕೆ ಒಂದು ಗ್ಯಾಲನ್, ಅಂದರೆ ಸುಮಾರು ನಾಲ್ಕು ಲೀಟರ್ ನೀರು ಕನಿಷ್ಠ. ಅಡುಗೆ, ಪಾತ್ರೆ ಬೇರೆ. "ಸರೋವರ ಇದೆಯಲ್ಲ, ಫಿಲ್ಟರ್ ತರ್ತೀವಿ" ಅನ್ನುವವರು ಗಮನಿಸಿ: ಟ್ರೆಕ್ಕಿಂಗ್ ಫಿಲ್ಟರ್ ಕ್ರಿಮಿಯನ್ನು ತಡೆಯುತ್ತದೆ, ಉಪ್ಪನ್ನು ತಡೆಯುವುದಿಲ್ಲ. ಕೆಳಗಿನ ಐದರಲ್ಲಿ ಎರಡು ಸರೋವರಗಳ ನೀರು ಉಪ್ಪು.

ಇನ್ನು ಮಿಕ್ಕವು ಸರಳ. ಪರವಾನಗಿ ಯಾರು ಕೊಡುತ್ತಾರೆ, ಎಷ್ಟು ದೂರ ಓಡಿಸಬೇಕು, ನಿಮಗೆ ಬೇಕಾದದ್ದು ಈಜೋ ಮೀನೋ ಸುಮ್ನೆ ಕೂರುವುದೋ.

ಲೋನ್ ರಾಕ್ ಬೀಚ್, ಲೇಕ್ ಪಾವೆಲ್

ಜನ ಕಳಿಸುವ ಫೋಟೋ ಬಹಳ ಸಲ ಇದರದ್ದೇ. ಯೂಟಾ ಮತ್ತು ಅರಿಜೋನಾ ಗಡಿಯ ಪಕ್ಕದಲ್ಲಿ, ಪೇಜ್ ಊರಿನಿಂದ ಹೆದ್ದಾರಿ 89ರಲ್ಲಿ ಅರ್ಧ ಗಂಟೆಯೂ ಬೇಡ. ಎದುರಿಗೆ ಒಂಟಿ ಬಂಡೆ, ಮರಳಿನ ವಿಶಾಲ ಇಳಿಜಾರು. ಗ್ಲೆನ್ ಕ್ಯಾನ್ಯನ್ ರಾಷ್ಟ್ರೀಯ ಮನರಂಜನಾ ಪ್ರದೇಶದ ಒಳಗೆ ಬರುತ್ತದೆ. ಪ್ರವೇಶ ಶುಲ್ಕ ಒಂದು, ರಾತ್ರಿಗೆ ಕ್ಯಾಂಪಿಂಗ್ ಶುಲ್ಕ ಇನ್ನೊಂದು. ರಾಷ್ಟ್ರೀಯ ಉದ್ಯಾನಗಳ ವಾರ್ಷಿಕ ಪಾಸ್ ಇದ್ದರೆ ಪ್ರವೇಶ ಶುಲ್ಕ ಉಳಿಯುತ್ತದೆ, ಕ್ಯಾಂಪಿಂಗ್ ಶುಲ್ಕ ಉಳಿಯುವುದಿಲ್ಲ.

ಐದರಲ್ಲಿ ಈಜಲು ನನಗೆ ಮೆಚ್ಚಿನದು ಇದೇ. ನೀರು ಸಿಹಿ, ಇಳಿಜಾರು ನಿಧಾನ, ಶೌಚಾಲಯ ಇದೆ, ಊರು ಹತ್ತಿರ. ಮಕ್ಕಳಿರುವ, ಮೊದಲ ಸಲ ಹೊರಟ ಸಂಸಾರಕ್ಕೆ ಧೈರ್ಯ ಕೊಡುವ ಜಾಗ. ಆದರೆ ನೀರಿನ ಪಕ್ಕ ಟೆಂಟು ಬೇಕು ಅಂದರೆ ಮೆತ್ತನೆ ಮರಳು ದಾಟಲೇಬೇಕು. ಎರಡೇ ಚಕ್ರಕ್ಕೆ ಎಳೆತ ಇರುವ ಕಾರು ಇಲ್ಲಿ ಹೂತುಕೊಳ್ಳುವುದು ದಿನದ ನೋಟ. ಸೆಡಾನ್‌ನವರು ಮೇಲೆ ಗಟ್ಟಿ ನೆಲದಲ್ಲೇ ನಿಲ್ಲಿಸಿ ಸಾಮಾನು ಹೊತ್ತು ಇಳಿಯುವುದು ಲೇಸು. ಟೆಂಟಿನ ಫೋಟೋ ಅಷ್ಟೇ ಚೆನ್ನಾಗಿ ಬರುತ್ತದೆ.

ಎರಡನೇ ತೊಂದರೆ ಸದ್ದು. ಪಕ್ಕದಲ್ಲೇ ಎಟಿವಿ, ಅಂದರೆ ಮರಳಿನಲ್ಲಿ ಓಡಿಸುವ ನಾಲ್ಕು ಚಕ್ರದ ಪುಟ್ಟ ಗಾಡಿ ಓಡಿಸುವ ಜಾಗ ಇದೆ. ಬೇಸಿಗೆ ವಾರಾಂತ್ಯದಲ್ಲಿ ಆರ್‌ವಿಗಳು (ಒಳಗೇ ಮಲಗುವ, ಅಡುಗೆ ಮಾಡುವ ದೊಡ್ಡ ಗಾಡಿಗಳು) ಸಾಲಾಗಿ ನಿಂತು ಜನರೇಟರ್ ಹಚ್ಚುತ್ತವೆ. ಮೌನ ಹುಡುಕುವವರು ಅಕ್ಟೋಬರ್‌ನ ವಾರದ ದಿನ ನೋಡಿ. ಪಾವೆಲ್‌ನ ಬೇರೆ ದಡಗಳಿಗೆ ದೋಣಿಯಲ್ಲಿ ಹೋಗಿ ಕ್ಯಾಂಪ್ ಮಾಡುವುದಾದರೆ, ಶೌಚಾಲಯ ಇಲ್ಲದ ಕಡೆ ನೀರಿನಿಂದ ಕಾಲು ಮೈಲಿ ಒಳಗೆ ಇರುವವರು ತಮ್ಮದೇ ಪೋರ್ಟಬಲ್ ಟಾಯ್ಲೆಟ್ ಇಟ್ಟುಕೊಳ್ಳಬೇಕು ಅನ್ನುವುದು ಕಡ್ಡಾಯ.

ಅಂದ ಹಾಗೆ, ಗಡಿಯಾರದ ಬಗ್ಗೆ ಎಚ್ಚರ. ಬೀಚ್ ಇರುವುದು ಯೂಟಾದಲ್ಲಿ, ಪೇಜ್ ಇರುವುದು ಅರಿಜೋನಾದಲ್ಲಿ. ಅರಿಜೋನಾದ ಆ ಭಾಗ ಬೇಸಿಗೆಗೆ ಗಡಿಯಾರ ಮುಂದೆ ಇಡುವುದಿಲ್ಲ. ಬೇಸಿಗೆಯಲ್ಲಿ ಎರಡಕ್ಕೂ ಒಂದು ಗಂಟೆ ವ್ಯತ್ಯಾಸ. ಫೋನ್ ಯಾವ ಟವರ್ ಹಿಡಿಯುತ್ತದೋ ಆ ಸಮಯ ತೋರಿಸುತ್ತದೆ. ಪೇಜ್ ಹತ್ತಿರದ ಆಂಟಲೋಪ್ ಕ್ಯಾನ್ಯನ್ ಕಣಿವೆಯ ಟೂರ್ ಬುಕ್ ಮಾಡಿದವರಿಗೆ ಇದರಿಂದ ಬೆಳಗ್ಗೆ ತಲೆಬಿಸಿ.

ಸ್ಟೀವರ್ಟ್ಸ್ ಪಾಯಿಂಟ್, ಲೇಕ್ ಮೀಡ್

ಲಾಸ್ ವೇಗಸ್‌ನಿಂದ ಒಂದೂವರೆ ಗಂಟೆ ದಾರಿ. ಓವರ್ಟನ್ ಕಡೆಗೆ ಚಾಚಿದ ಸರೋವರದ ತೋಳಿನ ಮೇಲಿದೆ. ನೆಲ ಹೆಚ್ಚಾಗಿ ಜಲ್ಲಿ, ಗಟ್ಟಿ ಮಣ್ಣು. ಹಾಗಾಗಿ ಮೇಲಿನ ದಿಬ್ಬಗಳ ತನಕ ಸಾಮಾನ್ಯ ಕಾರು ನಿಧಾನಕ್ಕೆ ಹೋಗುತ್ತದೆ. ಪ್ರವೇಶ ಶುಲ್ಕ ಕೊಟ್ಟರೆ ಆಯಿತು, ಇಂಥ ಕಡೆ ರಾತ್ರಿಗೆ ಬೇರೆ ಬಾಡಿಗೆ ಇಲ್ಲ. ವಾರ್ಷಿಕ ಪಾಸ್ ಇಲ್ಲಿಯೂ ನಡೆಯುತ್ತದೆ. ಒಂದೇ ಜಾಗದಲ್ಲಿ 15 ದಿನದ ಮಿತಿ. ಖರ್ಚು ಕಮ್ಮಿ ಮಾಡಬೇಕು ಅನ್ನುವವರಿಗೆ, ಚಳಿಗಾಲದಲ್ಲಿ ಆರ್‌ವಿ ಅಥವಾ ವ್ಯಾನ್‌ನಲ್ಲಿ ವಾರಗಟ್ಟಲೆ ಇರುವವರಿಗೆ ಇದು ಸರಿ.

ಏನು ಕಳೆದುಕೊಳ್ಳುತ್ತೀರಿ? ನೀರನ್ನು. ಸರೋವರ ಇಳಿದಾಗ ದಿಬ್ಬದಿಂದ ನೀರು ಕಾಣುತ್ತದೆ, ಆದರೆ ಹೋಗಿ ಕಾಲಿಡಲು ಉದ್ದಕ್ಕೆ ನಡೆಯಬೇಕು, ಕೊನೆಯ ತುಂಡು ಹೂಳಿರಬಹುದು. ಬಂಡೆಗಳ ಮೇಲೆ ಹಳೆಯ ಮಟ್ಟದ ಬಿಳಿ ಸುಣ್ಣದ ಪಟ್ಟಿ ಎತ್ತರಕ್ಕೆ ಕಾಣುತ್ತದೆ. 1938ರಲ್ಲಿ ಮುಳುಗಿದ ಸೇಂಟ್ ಥಾಮಸ್ ಅನ್ನುವ ಊರಿನ ತಳಪಾಯಗಳು ಈಗ ಒಣನೆಲದ ಮೇಲಿವೆ, ನಡೆದೇ ನೋಡಿ ಬರಬಹುದು. ನನಗೆ ಕೇಳಿದರೆ ಇಲ್ಲಿ ಈಜಿಗಿಂತ ಅದೇ ನೋಡಬೇಕಾದ್ದು. ಕೆಂಪು ಬಂಡೆಗಳ ವ್ಯಾಲಿ ಆಫ್ ಫೈರ್ ಕೂಡ ಹತ್ತಿರವೇ.

ಗುರುತಿನ ದಾರಿ ಬಿಟ್ಟು ಗಾಡಿ ಓಡಿಸುವುದು ಇಲ್ಲಿ ಕಾನೂನು ಪ್ರಕಾರ ತಪ್ಪು. ಹೋಗುವ ಮುಂಚೆ ಪಾರ್ಕ್ ಸರ್ವಿಸ್ ಪುಟದಲ್ಲಿ ಆ ಜಾಗ ತೆರೆದಿದೆಯಾ ನೋಡಿಕೊಳ್ಳಿ. ನೀರಿನ ಮಟ್ಟವನ್ನು ಅಣೆಕಟ್ಟುಗಳನ್ನು ನೋಡಿಕೊಳ್ಳುವ ಸರ್ಕಾರಿ ಇಲಾಖೆ ಬ್ಯೂರೋ ಆಫ್ ರಿಕ್ಲಮೇಷನ್ ದಿನವೂ ಪ್ರಕಟಿಸುತ್ತದೆ. ಪಾವೆಲ್‌ಗೂ ಮೀಡ್‌ಗೂ ಆ ಅಂಕಿಯನ್ನು ನೋಡಿ, ಅದೇ ಮಟ್ಟ ಇದ್ದ ವರ್ಷದ ಫೋಟೋ ಹುಡುಕಿ. ಆಗ ಫೋಟೋಗೆ ಅರ್ಥ ಬರುತ್ತದೆ.

ಸಿಕ್ಸ್ ಮೈಲ್ ಕೋವ್, ಲೇಕ್ ಮೊಹಾವಿ

ಹೆಸರು ಕೇಳಿದವರು ಕಮ್ಮಿ. ಹೂವರ್ ಅಣೆಕಟ್ಟಿನ ಕೆಳಗಿನ ಸರೋವರ ಇದು, ಮುಂದೆ ಡೇವಿಸ್ ಅಣೆಕಟ್ಟು ಇದನ್ನು ಹಿಡಿದಿಟ್ಟಿದೆ. ಮೀಡ್ ಎಷ್ಟೇ ಇಳಿದರೂ ಮೊಹಾವಿಯ ಮಟ್ಟವನ್ನು ವರ್ಷವಿಡೀ ಹದಿನೈದಿಪ್ಪತ್ತು ಅಡಿಯ ಒಳಗೇ ಆಡಿಸುತ್ತಾರೆ. ಅಂದರೆ ದಡ ಇದ್ದಲ್ಲೇ ಇರುತ್ತದೆ! ಐದರಲ್ಲಿ ಈ ಗುಣ ಇರುವುದು ಇದಕ್ಕೊಂದಕ್ಕೇ. ನೀರಿನ ಅಂಚಿನಲ್ಲೇ ಟೆಂಟು ಅನ್ನುವ ಆಸೆ ಸುಳ್ಳಾಗದ ಜಾಗ ಹುಡುಕಿದರೆ ನನ್ನ ಓಟು ಇದಕ್ಕೆ.

ನೆವಾಡಾದ ಸರ್ಚ್‌ಲೈಟ್ ಊರಿನಿಂದ ಪೂರ್ವಕ್ಕೆ ಇಳಿಯಬೇಕು. ಕೊನೆಯ ಹಾದಿ ಕಲ್ಲು, ಜಲ್ಲಿ, ಒಣ ಹಳ್ಳದ ದಾಟು. ತೀರಾ ತಗ್ಗಿನ ಕಾರು ಬೇಡ, ನೆಲದಿಂದ ಸ್ವಲ್ಪ ಎತ್ತರ ಇದ್ದರೆ ಸಾಕು. ಮಳೆ ಮುನ್ಸೂಚನೆ ಇದ್ದರೆ ಮಾತ್ರ ಹೋಗಬೇಡಿ. ಹಳ್ಳ ಹರಿದರೆ ಹಾದಿ ಮುಚ್ಚಿತು ಅಂತಲೇ. ಮೀಡ್‌ಗೆ ಕೊಟ್ಟ ಪ್ರವೇಶ ಶುಲ್ಕವೇ ಇಲ್ಲಿಗೂ ಸಲ್ಲುತ್ತದೆ, ಎರಡೂ ಒಂದೇ ಮನರಂಜನಾ ಪ್ರದೇಶ. ಕೊರತೆ ಏನು ಅಂದರೆ, ಇದು ದೋಣಿ, ಜೆಟ್ ಸ್ಕೀ ಜನರಿಗೂ ಅಷ್ಟೇ ಪ್ರಿಯ. ಬೇಸಿಗೆ ರಜೆಯಲ್ಲಿ ಜಾಗ ಇಕ್ಕಟ್ಟು, ಬಿಸಿಲು ಹೇಳತೀರದು. ಮಾರ್ಚ್, ಅಕ್ಟೋಬರ್, ನವೆಂಬರ್ ಹಿತ.

ಪಿರಮಿಡ್ ಲೇಕ್

ನೆವಾಡಾದ ಈ ಸರೋವರ ಬೇರೆಯೇ ಜಾತಿ. ಅಣೆಕಟ್ಟಿನ ನೀರಲ್ಲ, ಹಿಮಯುಗದ ಲಹೊಂಟನ್ ಸರೋವರದ ಉಳಿಕೆ. ಟಾಹೋದಿಂದ ಹೊರಟ ಟ್ರಕ್ಕಿ ನದಿ ಇಲ್ಲಿಗೆ ಬಂದು ನಿಲ್ಲುತ್ತದೆ, ಹೊರಗೆ ಹೋಗುವ ದಾರಿ ಇಲ್ಲ. 1905ರಲ್ಲಿ ಡರ್ಬಿ ಅಣೆಕಟ್ಟಿನಿಂದ ನದಿಯನ್ನು ಬೇಸಾಯಕ್ಕೆ ತಿರುಗಿಸಿದ ಮೇಲೆ ಸರೋವರ ಸುಮಾರು 80 ಅಡಿ ಇಳಿಯಿತು, ಮೂಲದ ಕಟ್‌ಥ್ರೋಟ್ ಟ್ರೌಟ್ ಮೀನಿನ ಸಂತತಿ ಇಲ್ಲಿ ಅಳಿಯಿತು. ಇಲ್ಲಿನ ಪೈಯೂಟ್ ಬುಡಕಟ್ಟಿನ ಜನ ಮೀನಿನ ಮರಿ ಮಾಡುವ ಕೇಂದ್ರ ಕಟ್ಟಿ, ಕೋರ್ಟು ಹತ್ತಿ, ಮೀನನ್ನು ವಾಪಸ್ ತಂದಿದ್ದಾರೆ. ಈಗ ಚಳಿಗಾಲದಲ್ಲಿ ಹೋದರೆ ಒಂದು ವಿಚಿತ್ರ ಕಾಣುತ್ತದೆ. ಎದೆಮಟ್ಟದ ರಬ್ಬರ್ ಉಡುಪು ತೊಟ್ಟ ಜನ ಸರೋವರದೊಳಗೆ ಏಣಿ ನೆಟ್ಟು, ಅದರ ಮೇಲೆ ನಿಂತು ಗಾಳ ಬೀಸುತ್ತಿರುತ್ತಾರೆ. ದಡ ಆಳಕ್ಕೆ ಬೀಳುವ ಅಂಚಿನಲ್ಲಿ ಮೀನು ಓಡಾಡುತ್ತವೆ, ಅಲ್ಲಿಗೆ ದಾರ ತಲುಪಬೇಕು, ಜತೆಗೆ ಕಾಲು ಹೆಪ್ಪುಗಟ್ಟಬಾರದು. ಏಣಿಯ ಮೇಲೆ ಕಾಫಿ ಲೋಟ ಇಡುವ ಹಲಗೆಯನ್ನೂ ಜೋಡಿಸಿಕೊಂಡಿರುತ್ತಾರೆ.

ಇದು ಪಿರಮಿಡ್ ಲೇಕ್ ಪೈಯೂಟ್ ಬುಡಕಟ್ಟಿನ ನೆಲ. ನ್ಯಾಷನಲ್ ಪಾರ್ಕ್ ಪಾಸ್ ಇಲ್ಲಿ ಕಾಗದದ ಚೂರು ಅಷ್ಟೇ. ಕ್ಯಾಂಪಿಂಗ್, ಮೀನು, ದೋಣಿ, ಪ್ರತಿಯೊಂದಕ್ಕೂ ಬುಡಕಟ್ಟಿನ ಪರವಾನಗಿ ಬೇಕು, ಆನ್‌ಲೈನ್‌ನಲ್ಲೇ ಸಿಗುತ್ತದೆ. ಮೀನಿಗೆ ನೆವಾಡಾ ರಾಜ್ಯದ ಲೈಸೆನ್ಸ್ ಬೇಡ, ಇದೊಂದೇ ಸಾಕು. ಮೀನಿನ ಹಂಗಾಮು ಅಕ್ಟೋಬರ್‌ನಿಂದ ಜೂನ್. ಪಿರಮಿಡ್ ಬಂಡೆಯ ಸುತ್ತಮುತ್ತ, ಉತ್ತರದ ನೀಡಲ್ಸ್ ಕಡೆ ಹೊರಗಿನವರಿಗೆ ಪ್ರವೇಶ ಇಲ್ಲ. ಗೀಚಿದ, ಒಡೆದ ಜನರಿಂದಾಗಿ ಮುಚ್ಚಿದ್ದು. ಪೆಲಿಕನ್ ಗೂಡುಕಟ್ಟುವ ಅನಾಹೋ ದ್ವೀಪಕ್ಕೂ ಇಳಿಯುವಂತಿಲ್ಲ. ಟೂಫಾ, ಅಂದರೆ ನೀರಿನ ಸುಣ್ಣ ಗಟ್ಟಿಯಾಗಿ ಆದ ಬಂಡೆ, ಅದನ್ನು ಹತ್ತಬೇಡಿ. "ಒಂದು ಫೋಟೋಗೆ ಏನಾಗುತ್ತೆ" ಅನ್ನುವ ಮನಸ್ಸಿದ್ದರೆ ಬೇರೆ ಸರೋವರ ನೋಡಿಕೊಳ್ಳಿ, ಅದು ಅವರ ಪೂಜ್ಯ ಜಾಗ.

ದಡದ ಬೀಚುಗಳಲ್ಲಿ ಅಲ್ಲಲ್ಲಿ ಗುಂಡಿ ಶೌಚಾಲಯ ಇದೆ, ಸಟ್‌ಕ್ಲಿಫ್‌ನಲ್ಲಿ ಅಂಗಡಿ ಇದೆ, ರೀನೋ ಒಂದು ಗಂಟೆ ದೂರ. ಮರಳು ಇಲ್ಲಿಯೂ ಮೋಸದ್ದು, ನೀರಿನ ಹತ್ತಿರ ಕುಸಿಯುವ ಮರಳೂ ಇದೆ. ನೀರು ತುಸು ಉಪ್ಪು, ಕುಡಿಯಲು ಬರುವುದಿಲ್ಲ, ಬೇಸಿಗೆಯಲ್ಲಿ ಈಜಲು ಚೆನ್ನ. ಎತ್ತರ 3,800 ಅಡಿ ಆಸುಪಾಸು, ಹಾಗಾಗಿ ಜುಲೈನಲ್ಲೂ ರಾತ್ರಿ ನಿದ್ದೆ ಬರುವಷ್ಟು ತಂಪು. ಬೇಸಿಗೆ ರಜೆಯೇ ಗತಿ ಅನ್ನುವ ಶಾಲೆ ಮಕ್ಕಳ ಸಂಸಾರಕ್ಕೆ ಇದು ದೊಡ್ಡ ವಿಷಯ, ಅಲ್ವಾ? ಗಾಳಿ ಮಾತ್ರ ಯಾವ ಗಳಿಗೆಯಲ್ಲಾದರೂ ಏಳಬಹುದು. ಕಯಾಕ್ ಇದ್ದರೆ ಬೆಳಗ್ಗೆಯೇ ಮುಗಿಸಿ, ಲೈಫ್ ಜಾಕೆಟ್ ಬಿಚ್ಚಬೇಡಿ.

ಮೀಡ್ ಅಥವಾ ಪಾವೆಲ್‌ನಲ್ಲಿ ಆಡಿಸಿದ ಕಯಾಕನ್ನೇ ಇಲ್ಲಿಗೆ ತರುವುದಾದರೆ ತೊಳೆದು, ನೀರು ಬಸಿದು, ಪೂರಾ ಒಣಗಿಸಿ ತನ್ನಿ. ಮೀಡ್‌ನಲ್ಲಿ 2007ರಿಂದ ಕ್ವಾಗಾ ಅನ್ನುವ ಚಿಪ್ಪುಜೀವಿ ಹಬ್ಬಿದೆ. ಅದು ದೋಣಿಗೆ ಅಂಟಿಕೊಂಡೇ ಊರೂರು ಸುತ್ತುವುದು.

ಟ್ವೆಂಟಿ ಮೈಲ್ ಬೀಚ್, ವಾಕರ್ ಲೇಕ್

ದುಡ್ಡು ಇಲ್ಲ, ಜನ ಇಲ್ಲ, ಮೀನೂ ಇಲ್ಲ. ನೆವಾಡಾದ ಹಾಥಾರ್ನ್ ಊರಿನ ಉತ್ತರಕ್ಕೆ, ಹೆದ್ದಾರಿ 95ರ ಪಕ್ಕ, ಬಿಎಲ್‌ಎಂ (ಕೇಂದ್ರ ಸರ್ಕಾರದ ಭೂ ನಿರ್ವಹಣಾ ಇಲಾಖೆ) ನೆಲ. ಮೇಲ್ಭಾಗದ ಹೊಲಗಳು ವಾಕರ್ ನದಿಯ ನೀರು ಎಳೆದುಕೊಂಡು, 1880ರ ದಶಕದಿಂದ ಈಚೆಗೆ ಸರೋವರ 150 ಅಡಿಗಿಂತ ಜಾಸ್ತಿ ಇಳಿದಿದೆ. ಉಳಿದ ನೀರಿನಲ್ಲಿ ಉಪ್ಪು ಏರಿ ಟ್ರೌಟ್ ಸತ್ತವು. ಮೀನು ತಿನ್ನಲು ಸಾವಿರಾರು ಸಂಖ್ಯೆಯಲ್ಲಿ ಇಳಿಯುತ್ತಿದ್ದ ಲೂನ್ ಹಕ್ಕಿಗಳೂ ಬರುವುದು ಬಿಟ್ಟವು. ನದಿಯ ನೀರಿನ ಹಕ್ಕನ್ನು ಕೊಂಡು ಸರೋವರಕ್ಕೆ ಬಿಡುವ ಕೆಲಸ ನಡೆಯುತ್ತಿದೆ.

ಹಾಗಾದರೆ ಯಾಕೆ ಹೋಗಬೇಕು? ಇಂಥ ಮೌನ ಉಳಿದ ನಾಲ್ಕರಲ್ಲಿ ಎಲ್ಲೂ ಸಿಗುವುದಿಲ್ಲ. ಪಶ್ಚಿಮಕ್ಕೆ ಗ್ರಾಂಟ್ ಶಿಖರ 11,000 ಅಡಿ ದಾಟಿ ನಿಂತಿದೆ, ಕೆಳಗಿನ ಬಂಡೆಗಳಲ್ಲಿ ದೊಡ್ಡಕೊಂಬಿನ ಕಾಡುಕುರಿ ಕಾಣುತ್ತವೆ. ನಕ್ಷತ್ರ ನೋಡುವವರು, ಬರೆಯುವವರು, ರೀನೋದಿಂದ ವೇಗಸ್‌ಗೆ ಹೋಗುವಾಗ ಒಂದು ರಾತ್ರಿ ತಂಗುವವರು ಇಲ್ಲಿ ನಿಲ್ಲಬಹುದು. ಹೆದ್ದಾರಿಯ ಲಾರಿ ಸದ್ದು ಮಾತ್ರ ರಾತ್ರಿ ಒಮ್ಮೊಮ್ಮೆ ನೀರಿನ ಮೇಲೆ ತೇಲಿ ಬರುತ್ತದೆ. ಶೌಚಕ್ಕೆ ಚೀಲ, ನೀರಿಗೆ ಕ್ಯಾನ್, ನೆರಳಿಗೆ ಟಾರ್ಪಾಲು, ಎಲ್ಲ ನೀವೇ ತರಬೇಕು. ಹದಿನಾಲ್ಕು ದಿನದ ಮಿತಿ. ನೀರಿಗೆ ತೀರಾ ಹತ್ತಿರ ಗಾಡಿ ಒಯ್ಯಬೇಡಿ, ಇಲ್ಲಿ ಹೂಳು ಬೇಕಾದಷ್ಟಿದೆ.

ಲಾಸ್ ಏಂಜಲೀಸ್‌ನವರು ಸಾಲ್ಟನ್ ಸೀ ಯಾಕೆ ಬಿಟ್ಟಿರಿ ಅಂತ ಕೇಳಬಹುದು. 1905ರಲ್ಲಿ ಕಾಲುವೆ ಒಡೆದು ಕೊಲೊರಾಡೋ ನದಿ ನುಗ್ಗಿ ಆದ ಸರೋವರ ಅದು. ಸಮುದ್ರಕ್ಕಿಂತ ಉಪ್ಪು, ಬಿಸಿಲಿಗೆ ನಾರುತ್ತದೆ, ಗಾಳಿ ಎದ್ದರೆ ದೂಳು ಒಳ್ಳೆಯದಲ್ಲ. ಜನವರಿಯಲ್ಲಿ ಬೈನಾಕ್ಯುಲರ್ ಹಿಡಿದು ಹಕ್ಕಿ ನೋಡಲು ಹೋಗಿ. ಅಸ್ತಮಾ ಇದ್ದವರು, ಮಕ್ಕಳನ್ನು ನೀರಾಡಿಸಬೇಕು ಅನ್ನುವವರು ಬೇಡ.

ಈಗ ಆರಿಸುವ ಕೆಲಸ

ನಾಲ್ಕು ಚಕ್ರದ ಎಳೆತ ಇದೆ, ಮಕ್ಕಳಿಗೆ ಈಜು ಬೇಕು, ಜನ ಇದ್ದರೂ ಪರವಾಗಿಲ್ಲ: ಲೋನ್ ರಾಕ್, ಸೆಪ್ಟೆಂಬರ್ ಕೊನೆಗೆ. ಅದೇ ಆಸೆ, ಆದರೆ ಸುಮಾರು ಎತ್ತರದ ಮಾಮೂಲಿ ಎಸ್‌ಯುವಿ, ವೇಗಸ್ ಕಡೆಯಿಂದ ಹೊರಡುತ್ತೀರಿ: ಮೊಹಾವಿ. ಸೆಡಾನ್, ಬಿಗಿ ಬಜೆಟ್, ಚಳಿಗಾಲ: ಸ್ಟೀವರ್ಟ್ಸ್ ಪಾಯಿಂಟ್, ನೀರು ದೂರ ಇದ್ದರೆ ಬೇಜಾರು ಮಾಡಿಕೊಳ್ಳದವರಿಗೆ. ಬೇ ಏರಿಯಾದವರು ಬೇಸಿಗೆ ರಜೆಗೆ, ಅಥವಾ ಗಾಳ ಹಿಡಿದವರು ಚಳಿಗಾಲಕ್ಕೆ: ಪಿರಮಿಡ್, ಎರಡನೇ ಯೋಚನೆ ಬೇಡ. ಒಬ್ಬರೇ ಅಥವಾ ಇಬ್ಬರು, ಹಿಂದೆ ಇಂಥ ಕಡೆ ಇದ್ದು ಅಭ್ಯಾಸ ಇದೆ, ಯಾರ ಮುಖವೂ ನೋಡಬೇಕಿಲ್ಲ: ವಾಕರ್.

ಬಾಡಿಗೆ ಕಾರಿನವರಿಗೆ ಈ ಐದರಲ್ಲಿ ಯಾವುದನ್ನೂ ನಾನು ಹೇಳುವುದಿಲ್ಲ. ಪಾವೆಲ್‌ನ ವಾಹ್‌ವೀಪ್‌ನಲ್ಲಿ, ಮೀಡ್‌ನ ಬೋಲ್ಡರ್ ಬೀಚ್‌ನಲ್ಲಿ ಡಾಂಬರು ರಸ್ತೆ ಇರುವ ಕ್ಯಾಂಪ್‌ಗ್ರೌಂಡ್‌ಗಳಿವೆ, ಟೇಬಲ್, ನಲ್ಲಿ ಎಲ್ಲ ಉಂಟು. ಅಲ್ಲಿ ಟೆಂಟು ಹಾಕಿ, ಸಂಜೆ ನಡೆದು ನೀರಿಗೆ ಇಳಿಯಿರಿ.